ಸರಕು ವಾಹನದ ಡ್ಯಾಶ್‌ಬೋರ್ಡಿನಲ್ಲಿ ರೇಡಿಯೋ, ಫೋನು ಮತ್ತು ದಾರಿ ತೋರುವ ಸಾಧನ: ಅಳವಡಿಸುವ ಕ್ರಮ

ಭೀಮಸೇನನು ಬಕಾಸುರನಿಗೆಂದು ಬಂಡಿ ಅನ್ನವನ್ನು ಹೊಡೆದುಕೊಂಡು ಹೋದ ಏಕಚಕ್ರಪುರ ಇದೇ ಎಂದು ಚಿಂತಾಮಣಿ ತಾಲ್ಲೂಕಿನ ಕೈವಾರದ ಜನ ಹೇಳುವುದುಂಟು. ಆ ಊರಿನ ಸುತ್ತಮುತ್ತ ಈಗ ಬಂಡಿಗಳು ಅಪರೂಪ. ಟೊಮೆಟೊ, ರೇಷ್ಮೆ ಗೂಡು, ತರಕಾರಿ, ಹೂವು ಇವೆಲ್ಲವೂ ಸಣ್ಣ ಸರಕು ವಾಹನಗಳಲ್ಲಿ ಚಿಂತಾಮಣಿ, ಶಿಡ್ಲಘಟ್ಟ, ಕೋಲಾರ, ಬೆಂಗಳೂರು ಮಾರುಕಟ್ಟೆಗಳಿಗೆ ಹೋಗುತ್ತವೆ. ಬೆಳಗಿನ ಜಾವ ಹೊರಡುವ ಇಂತಹ ವಾಹನದೊಳಗೆ ಇಣುಕಿ ನೋಡಿದರೆ ಸಾಮಾನ್ಯವಾಗಿ ಕಾಣುವ ದೃಶ್ಯ ಒಂದೇ. ಗೇರಿನ ಕೋಲಿಗೆ ಸುತ್ತಿಕೊಂಡಿರುವ ಚಾರ್ಜರಿನ ವೈರು, ಚಾಲಕನ ತೊಡೆಯ ಮೇಲೊಂದು ಫೋನು, ಡ್ಯಾಶ್‌ಬೋರ್ಡಿನ ಕೆಳಗೆ ಜೋತಾಡುವ ರೇಡಿಯೋ ತಂತಿಗಳು ಮತ್ತು ಫ್ಯೂಸ್ ಇರಬೇಕಾದ ಜಾಗದಲ್ಲಿ ತಾಮ್ರದ ಒಂದು ಎಳೆ.

ಈ ಮೂರು ಸಾಧನಗಳೂ ರೈತನಿಗೆ ಉಪಯುಕ್ತವಾದುವೇ. ರೇಡಿಯೋದಿಂದ ಹವಾಮಾನ ಮತ್ತು ಕೃಷಿ ಕಾರ್ಯಕ್ರಮಗಳು, ಫೋನಿನಿಂದ ಮಂಡಿಯ ಧಾರಣೆ, ದಾರಿ ತೋರುವ ಸಾಧನದಿಂದ ಪರಸ್ಥಳದ ಮಾರುಕಟ್ಟೆಯ ಗೇಟಿನವರೆಗಿನ ಹಾದಿ ದೊರೆಯುತ್ತವೆ. ಆದರೆ ಅವುಗಳನ್ನು ವಾಹನಕ್ಕೆ ಜೋಡಿಸುವ ಕೆಲಸವನ್ನು ಅಂಗಡಿಯವನ ಇಷ್ಟಕ್ಕೆ ಬಿಟ್ಟು, ಹಣ ಕೊಟ್ಟು, ವಾಹನ ಓಡಿಸಿಕೊಂಡು ಬರುವವರೇ ಹೆಚ್ಚು. ಪರಿಣಾಮವಾಗಿ ಬ್ಯಾಟರಿ ಬೇಗ ಸಾಯುತ್ತದೆ. ಕೆಲವೊಮ್ಮೆ ತಂತಿ ಸುಟ್ಟು ವಾಹನಕ್ಕೇ ಬೆಂಕಿ ತಗಲುತ್ತದೆ. ಇದಕ್ಕಿಂತ ದೊಡ್ಡ ಅಪಾಯ ಚಾಲಕನ ಕಣ್ಣು ರಸ್ತೆಯಿಂದ ಆಚೆ ಹೋಗುವುದು. ಗಂಟೆಗೆ 60 ಕಿ.ಮೀ. ವೇಗದಲ್ಲಿ ಸಾಗುವ ವಾಹನ ಒಂದು ಸೆಕೆಂಡಿಗೆ ಸುಮಾರು 17 ಮೀಟರ್ ಕ್ರಮಿಸುತ್ತದೆ. ಫೋನಿನ ಪರದೆಯನ್ನು 3 ಸೆಕೆಂಡು ನೋಡಿದರೆ 50 ಮೀಟರ್ ದೂರ ಕಣ್ಣು ಮುಚ್ಚಿ ಓಡಿಸಿದಂತೆಯೇ ಸರಿ. ಸುಗ್ಗಿಯ ಕಾಲದಲ್ಲಿ ರಾಗಿ, ಹುರುಳಿಯನ್ನು ರಸ್ತೆಯ ಮೇಲೆ ಒಕ್ಕಣೆಗೆ ಹರಡಿರುವ, ದೀಪವಿಲ್ಲದ ಟ್ರೇಲರುಗಳು ನಿಂತಿರುವ, ಹಾಲಿನ ಕ್ಯಾನು ಹಿಡಿದು ಡೇರಿಗೆ ನಡೆಯುವವರಿರುವ ಹಳ್ಳಿಯ ರಸ್ತೆಯಲ್ಲಿ 50 ಮೀಟರ್ ಸಣ್ಣ ದೂರವಲ್ಲ.

ಮೂರು ಸಾಧನಗಳ ಸ್ವಭಾವ

ವಾಹನದ ರೇಡಿಯೋ ಹೊಸದಲ್ಲ. ಅಮೆರಿಕದ ಗ್ಯಾಲ್ವಿನ್ ಕಂಪನಿಯು 1930ರಲ್ಲಿಯೇ ಕಾರಿಗೆ ಅಳವಡಿಸುವ ರೇಡಿಯೋವನ್ನು ‘ಮೋಟೊರೋಲ’ ಎಂಬ ಹೆಸರಿನಲ್ಲಿ ಮಾರಾಟಕ್ಕೆ ತಂದಿತು. ನಮ್ಮ ನಾಡಿನಲ್ಲಿ ಪ್ರೊಫೆಸರ್ ಎಂ.ವಿ. ಗೋಪಾಲಸ್ವಾಮಿಯವರು ಮೈಸೂರಿನಲ್ಲಿ ‘ಆಕಾಶವಾಣಿ’ಯನ್ನು ಆರಂಭಿಸಿದ್ದು 1935ರಲ್ಲಿ, ಬೆಂಗಳೂರು ಕೇಂದ್ರ ಬಂದದ್ದು 1955ರಲ್ಲಿ. ಆಗೆಲ್ಲ ರೇಡಿಯೋ ಇಟ್ಟುಕೊಳ್ಳಲು ಅಂಚೆ ಕಚೇರಿಯಲ್ಲಿ ಹಣ ಕಟ್ಟಿ ಲೈಸೆನ್ಸ್ ಪಡೆಯಬೇಕಾಗಿತ್ತೆಂಬುದನ್ನು ಹಿರಿಯರು ಬಲ್ಲರು. ರೇಡಿಯೋದಲ್ಲಿ ಎರಡು ಬಗೆಯ ಪ್ರಸಾರಗಳನ್ನು ಗಮನಿಸಬೇಕು. ಎಫ್.ಎಂ. ಅಲೆಗಳು ನೇರ ಗೆರೆಯಲ್ಲಿ ಸಾಗುತ್ತವೆ. ಬೆಟ್ಟ ಅಡ್ಡ ಬಂದರೆ ನಿಲ್ಲುತ್ತವೆ. ಬೆಂಗಳೂರಿನಿಂದ ದೂರ ಹೋದಂತೆ ಮತ್ತು ಕೈವಾರ ಬೆಟ್ಟದ ಮರೆಗೆ ಬಂದಾಗ ಎಫ್.ಎಂ. ಕ್ಷೀಣಿಸುವುದಕ್ಕೆ ಇದೇ ಕಾರಣ. ಮಧ್ಯಮ ತರಂಗಗಳು ನೆಲವನ್ನು ಅನುಸರಿಸಿ ಬಹುದೂರ ಬರುತ್ತವೆ. ಆದರೆ ವಿದ್ಯುತ್ ಲೈನುಗಳ ಕೆಳಗೆ ಗೊರಗುಟ್ಟುತ್ತವೆ. ಆದುದರಿಂದ ಹಳ್ಳಿಯ ಕಡೆಯವರು ರೇಡಿಯೋ ಕೊಳ್ಳುವಾಗ ಎರಡೂ ಪ್ರಸಾರಗಳನ್ನು ಹಿಡಿಯುವಂತಹುದನ್ನೇ ಕೇಳಿ ಪಡೆಯಬೇಕು. ಅಗ್ಗದ ಅನೇಕ ಸೆಟ್ಟುಗಳಲ್ಲಿ ಎಫ್.ಎಂ. ಮಾತ್ರ ಇರುತ್ತದೆ.

ಫೋನು ಹತ್ತಿರದ ಟವರಿನೊಂದಿಗೆ ಮಾತನಾಡುವ ಸಾಧನ. ಅದನ್ನು ರೇಡಿಯೋ ಪೆಟ್ಟಿಗೆಗೆ ತಂತಿಯಿಲ್ಲದೆ ಜೋಡಿಸುವ ವ್ಯವಸ್ಥೆಯೇ ‘ಬ್ಲೂಟೂತ್’. ಹಳೆಯ ಡೆನ್ಮಾರ್ಕಿನ ಒಬ್ಬ ರಾಜನ ಅಡ್ಡಹೆಸರಿದು. ಹಲ್ಲಿಗೂ ಇದಕ್ಕೂ ಬೇರೆ ಸಂಬಂಧವಿಲ್ಲ. ಇದರ ಮೂಲಕ ಕರೆ ಬಂದೊಡನೆ ರೇಡಿಯೋ ತಾನಾಗಿ ಮೌನವಾಗಿ, ಕರೆ ಮಾಡಿದವರ ಧ್ವನಿ ವಾಹನದ ಸ್ಪೀಕರಿನಲ್ಲಿ ಕೇಳಿಸುತ್ತದೆ.

ದಾರಿ ತೋರುವ ಸಾಧನದ ವಿಷಯದಲ್ಲಿ ತಪ್ಪು ತಿಳುವಳಿಕೆ ಹೆಚ್ಚು. ‘ಟವರ್ ಇಲ್ಲದ ಕಡೆ ಜಿ.ಪಿ.ಎಸ್. ಕೆಲಸ ಮಾಡುವುದಿಲ್ಲ’ ಎಂದು ಹಲವರು ನಂಬಿದ್ದಾರೆ. ಇದು ಸರಿಯಲ್ಲ. ಭೂಮಿಯಿಂದ ಸುಮಾರು 20,200 ಕಿ.ಮೀ. ಎತ್ತರದಲ್ಲಿ ಸುತ್ತುತ್ತಿರುವ ಉಪಗ್ರಹಗಳು ನಿಖರವಾದ ಸಮಯವನ್ನು ಸದಾ ಬಿತ್ತರಿಸುತ್ತಿರುತ್ತವೆ. ಕನಿಷ್ಠ 4 ಉಪಗ್ರಹಗಳ ಸಂಕೇತ ತಲಪಿದ ಸಮಯವನ್ನು ಹೋಲಿಸಿ ಫೋನು ತಾನು ಎಲ್ಲಿದ್ದೇನೆಂದು ಲೆಕ್ಕ ಹಾಕುತ್ತದೆ. ಇದಕ್ಕೆ ಸಿಮ್ ಬೇಡ, ಟವರ್ ಬೇಡ. ಆಕಾಶ ಕಂಡರೆ ಸಾಕು. ಟವರ್ ಬೇಕಾಗುವುದು ನಕ್ಷೆಯನ್ನು ತರಿಸಿಕೊಳ್ಳಲು ಮತ್ತು ರಸ್ತೆಯಲ್ಲಿ ವಾಹನ ದಟ್ಟಣೆ ಎಷ್ಟಿದೆ ಎಂದು ತಿಳಿಯಲು. ಆದುದರಿಂದ ಚಿಕ್ಕಬಳ್ಳಾಪುರ, ಕೋಲಾರ, ಬೆಂಗಳೂರು ಭಾಗಗಳ ನಕ್ಷೆಯನ್ನು ಮನೆಯಲ್ಲಿಯೇ ಫೋನಿಗೆ ಇಳಿಸಿಟ್ಟುಕೊಂಡರೆ ಸಿಗ್ನಲ್ ಇಲ್ಲದ ಕಡೆಯೂ ದಾರಿ ತಪ್ಪುವುದಿಲ್ಲ. ಅಮೆರಿಕದ ಈ ವ್ಯವಸ್ಥೆಯ ಜೊತೆಗೆ ನಮ್ಮ ದೇಶದ್ದೇ ಆದ ‘ನಾವಿಕ್’ ಸಹ ಇದೆ. ಇದರ ಮೊದಲ ಉಪಗ್ರಹವನ್ನು ಇಸ್ರೋ ಸಂಸ್ಥೆಯು 2013ರ ಜುಲೈ 1ರಂದು ಹಾರಿಸಿತು. 2016ರಲ್ಲಿ ವ್ಯವಸ್ಥೆಗೆ ಈ ಹೆಸರಿಡಲಾಯಿತು. ಹೊಸ ಪೀಳಿಗೆಯ ಮೊದಲ ಉಪಗ್ರಹ 2023ರ ಮೇ 29ರಂದು ಮೇಲೇರಿತು. ಇದರ ಒಂದು ಮುಖ್ಯ ನೆಲೆ ಬೆಂಗಳೂರು ಬಳಿಯ ಬ್ಯಾಲಾಳುವಿನಲ್ಲಿ, ಮತ್ತೊಂದು ಹಾಸನದಲ್ಲಿದೆ ಎಂಬುದು ಕನ್ನಡಿಗರು ತಿಳಿದಿರಬೇಕಾದ ಸಂಗತಿ.

ವಿದ್ಯುತ್ತಿನ ಲೆಕ್ಕ

ಸಣ್ಣ ಸರಕು ವಾಹನಗಳು ಮತ್ತು ಟ್ರ್ಯಾಕ್ಟರುಗಳು 12 ವೋಲ್ಟಿನವು. ದೊಡ್ಡ ಲಾರಿಗಳು ಸಾಮಾನ್ಯವಾಗಿ 24 ವೋಲ್ಟಿನವು. 12 ವೋಲ್ಟಿನ ರೇಡಿಯೋವನ್ನು ಲಾರಿಗೆ ನೇರವಾಗಿ ಜೋಡಿಸಿದರೆ ಅದು ಆ ಕ್ಷಣವೇ ಸುಟ್ಟುಹೋಗುತ್ತದೆ. ಆರೋಗ್ಯವಾಗಿರುವ ಬ್ಯಾಟರಿ ಎಂಜಿನ್ ನಿಂತಿರುವಾಗ ಸುಮಾರು 12.6 ವೋಲ್ಟ್ ತೋರಿಸುತ್ತದೆ. ಎಂಜಿನ್ ಓಡುತ್ತಿರುವಾಗ 13.8ರಿಂದ 14.4ರವರೆಗೆ ಇರಬೇಕು. ಹೊಸ ಸಾಧನ ಜೋಡಿಸುವ ಮೊದಲು ಈ ಎರಡು ಅಳತೆಗಳನ್ನು ಮೀಟರಿನಿಂದ ನೋಡುವುದು ಒಳ್ಳೆಯದು. ಎಂಜಿನ್ ಓಡುತ್ತಿದ್ದರೂ 13 ವೋಲ್ಟ್ ದಾಟದಿದ್ದರೆ ಮೊದಲು ಆಲ್ಟರ್ನೇಟರ್ ಸರಿಪಡಿಸಬೇಕು, ರೇಡಿಯೋ ಆಮೇಲೆ.

ವೋಲ್ಟನ್ನು ಆಂಪಿಯರಿನಿಂದ ಗುಣಿಸಿದರೆ ವ್ಯಾಟ್ ಬರುತ್ತದೆ. ಇಷ್ಟು ಲೆಕ್ಕ ಬಂದರೆ ಅಂಗಡಿಯಲ್ಲಿ ಮೋಸ ಹೋಗುವುದು ತಪ್ಪುತ್ತದೆ. ರೇಡಿಯೋ ಪೆಟ್ಟಿಗೆಯ ಮೇಲೆ ‘50 ವ್ಯಾಟ್, 4 ಸ್ಪೀಕರ್’ ಎಂದು ಅಚ್ಚು ಹಾಕಿರುತ್ತಾರೆ. ಅಂದರೆ 200 ವ್ಯಾಟ್. ಆದರೆ ಅದೇ ಪೆಟ್ಟಿಗೆಯ ಹಿಂದೆ ಇರುವ ಫ್ಯೂಸ್ 10 ಆಂಪಿಯರಿನದು. 14 ವೋಲ್ಟಿಗೆ 10 ಆಂಪಿಯರ್ ಎಂದರೆ 140 ವ್ಯಾಟ್ ಮಾತ್ರ ಒಳಗೆ ಹೋಗಬಲ್ಲದು. ಅದರಲ್ಲಿಯೂ ಒಂದು ಪಾಲು ಬಿಸಿಯಾಗಿ ವ್ಯರ್ಥವಾಗುತ್ತದೆ. 200 ವ್ಯಾಟ್ ಹೊರಗೆ ಬರುವುದಾದರೂ ಹೇಗೆ? ಆ ಸಂಖ್ಯೆ ಕ್ಷಣಮಾತ್ರದ ಏರಿಕೆಯದು. ಸರಕು ವಾಹನದ ಸಣ್ಣ ಕ್ಯಾಬಿನ್ನಿಗೆ ಎರಡು ಸಾಧಾರಣ ಸ್ಪೀಕರುಗಳು ಧಾರಾಳವಾಗಿ ಸಾಕು.

ಮಂಡಿಯಲ್ಲಿ ಹರಾಜಿಗೆ ಕಾಯುವಾಗ ಎಂಜಿನ್ ನಿಲ್ಲಿಸಿ ರೇಡಿಯೋ ಹಾಕಿಕೊಂಡು ಮಲಗುವ ಅಭ್ಯಾಸವಿದೆ. ರೇಡಿಯೋ ಒಂದೂವರೆ ಆಂಪಿಯರ್, ಫೋನಿನ ಚಾರ್ಜರ್ ಒಂದು ಆಂಪಿಯರ್ ಎಳೆದರೆ 6 ಗಂಟೆಯಲ್ಲಿ 15 ಆಂಪಿಯರ್-ಗಂಟೆ ಖರ್ಚಾಗುತ್ತದೆ. 60 ಆಂಪಿಯರ್-ಗಂಟೆಯ ಹೊಸ ಬ್ಯಾಟರಿಗೆ ಇದು ಕಾಲು ಭಾಗ, ತಡೆದುಕೊಳ್ಳುತ್ತದೆ. ಮೂರು ನಾಲ್ಕು ವರ್ಷ ದುಡಿದು ಅರ್ಧ ಶಕ್ತಿ ಕಳೆದುಕೊಂಡ ಬ್ಯಾಟರಿಗೆ ಇದೇ ಹೊರೆ ಅರ್ಧ ಭಾಗವಾಗುತ್ತದೆ, ಸೆಲ್ಫ್ ತಿರುಗುವುದಿಲ್ಲ. ಖಾಲಿ ಕ್ರೇಟುಗಳೊಂದಿಗೆ ಮಂಡಿಯ ಬಾಗಿಲಲ್ಲಿ ವಾಹನ ತಳ್ಳುತ್ತಿರುವವರಲ್ಲಿ ಅನೇಕರು ಈ ಲೆಕ್ಕದ ಬಲಿಗಳು.

ಇನ್ನೊಂದು ಸೋರಿಕೆ ಕಣ್ಣಿಗೆ ಕಾಣುವುದಿಲ್ಲ. ಆಫ್ ಮಾಡಿದ ರೇಡಿಯೋ ಸಹ ಗಡಿಯಾರ ಮತ್ತು ಸ್ಟೇಷನ್ನುಗಳ ನೆನಪಿಗಾಗಿ ಅತ್ಯಲ್ಪ ವಿದ್ಯುತ್ ಎಳೆಯುತ್ತಿರುತ್ತದೆ. ಒಳ್ಳೆಯ ಸೆಟ್ಟಿನಲ್ಲಿ ಇದು 5 ಮಿಲಿಆಂಪಿಯರಿನ ಆಸುಪಾಸು. ತಿಂಗಳಿಗೆ ನಾಲ್ಕು ಆಂಪಿಯರ್-ಗಂಟೆಯೂ ಆಗದು. ಕಳಪೆಯಾದ ದೊಡ್ಡ ಪರದೆಯ ಸೆಟ್ಟು 50 ಮಿಲಿಆಂಪಿಯರ್ ಎಳೆದರೆ ತಿಂಗಳಿಗೆ 36 ಆಂಪಿಯರ್-ಗಂಟೆ! ಬೆಳೆಯಿಲ್ಲದ ಕಾಲದಲ್ಲಿ ವಾಹನ ಒಂದು ತಿಂಗಳು ನಿಂತರೆ ಬ್ಯಾಟರಿ ಖಾಲಿಯಾಗುತ್ತದೆ. ಹೀಗೆ ನಿಲ್ಲಿಸುವಾಗ ನೆಗೆಟಿವ್ ಟರ್ಮಿನಲ್ ಬಿಚ್ಚಿಡುವುದು ಲೇಸು.

ತಂತಿ ಮತ್ತು ಫ್ಯೂಸ್

ಫ್ಯೂಸ್ ಇರುವುದು ರೇಡಿಯೋವನ್ನು ಕಾಪಾಡಲು ಎಂದು ಹಲವರ ಎಣಿಕೆ. ನಿಜವಾಗಿ ಅದು ಕಾಪಾಡುವುದು ತಂತಿಯನ್ನು, ಆ ಮೂಲಕ ವಾಹನವನ್ನು. ಬ್ಯಾಟರಿಯಿಂದ ಬರುವ ಪಾಸಿಟಿವ್ ತಂತಿ ದಾರಿಯಲ್ಲಿ ಎಲ್ಲಾದರೂ ಉಜ್ಜಿ ಬಾಡಿಗೆ ತಗುಲಿದರೆ ನೂರಾರು ಆಂಪಿಯರ್ ಹರಿದು ತಂತಿ ಕೆಂಪಗೆ ಕಾಯುತ್ತದೆ. ಫ್ಯೂಸ್ ರೇಡಿಯೋದ ಬಳಿ ಇದ್ದರೆ, ಅದಕ್ಕೆ ಮುಂಚೆ ಉಜ್ಜಿದ ತಂತಿಗೆ ರಕ್ಷಣೆಯೇ ಇಲ್ಲ. ಆದುದರಿಂದ ಬ್ಯಾಟರಿಯಿಂದ ಹೊಸ ತಂತಿ ಎಳೆದಲ್ಲಿ ಬ್ಯಾಟರಿಯಿಂದ ಒಂದು ಗೇಣಿನೊಳಗೇ ಒಂದು ಫ್ಯೂಸ್ ಇರಲೇಬೇಕು. ಚಪ್ಪಟೆ ಫ್ಯೂಸುಗಳ ಬಣ್ಣವೇ ಅವುಗಳ ಶಕ್ತಿಯನ್ನು ಹೇಳುತ್ತದೆ. ಕಂದು ಬಣ್ಣದ್ದು ಏಳೂವರೆ ಆಂಪಿಯರ್, ಕೆಂಪು 10, ನೀಲಿ 15, ಹಳದಿ 20, ಹಸಿರು 30. ಕೆಂಪು ಫ್ಯೂಸ್ ಪದೇ ಪದೇ ಹೋಗುತ್ತಿದೆ ಎಂದು ಹಸಿರು ಹಾಕುವುದು, ಜ್ವರ ಬಂದಾಗ ಥರ್ಮಾಮೀಟರ್ ಒಡೆದಂತೆ. ತಾಮ್ರದ ಎಳೆ ಸುತ್ತುವುದಂತೂ ವಾಹನಕ್ಕೆ ಕೊಳ್ಳಿ ಇಡುವುದಕ್ಕೆ ಸಮ.

ತಂತಿಯ ದಪ್ಪವೂ ಮುಖ್ಯ. ಹೋಗಿ ಬರುವ ಒಟ್ಟು ಉದ್ದ 6 ಮೀಟರ್ ಇರುವ ಅರ್ಧ ಚದರ ಮಿಲಿಮೀಟರಿನ ತಾಮ್ರದ ತಂತಿಯಲ್ಲಿ 10 ಆಂಪಿಯರ್ ಹರಿದಾಗ ಎರಡು ವೋಲ್ಟಿಗಿಂತ ಹೆಚ್ಚು ದಾರಿಯಲ್ಲಿಯೇ ನಷ್ಟವಾಗುತ್ತದೆ. 20 ವ್ಯಾಟಿನಷ್ಟು ಶಾಖ ತಂತಿಯಲ್ಲಿ ಹುಟ್ಟುತ್ತದೆ. ಎರಡೂವರೆ ಚದರ ಮಿಲಿಮೀಟರಿನ ತಂತಿಯಲ್ಲಿ ಈ ನಷ್ಟ ಅರ್ಧ ವೋಲ್ಟಿಗೂ ಕಡಿಮೆ. ರೇಡಿಯೋದ ಮುಖ್ಯ ತಂತಿಗೆ ಎರಡೂವರೆ, ಫೋನಿನ ಚಾರ್ಜರಿಗೆ ಒಂದು ಚದರ ಮಿಲಿಮೀಟರ್ ಸಾಕು. ಮನೆಯ ವೈರಿಂಗಿಗೆ ಬಳಸುವ ಒಂಟಿ ಗಟ್ಟಿ ತಂತಿ ಕೂಡದು, ಅದುರುವಿಕೆಗೆ ಮುರಿಯುತ್ತದೆ. ಹಲವು ಎಳೆಗಳ ಮೆದು ತಂತಿಯನ್ನೇ ಬಳಸಬೇಕು. ತಗಡಿನ ತೂತಿನ ಮೂಲಕ ತಂತಿ ಹಾಯುವ ಕಡೆಯಲ್ಲೆಲ್ಲ ರಬ್ಬರ್ ಬುಷ್ ಹಾಕತಕ್ಕದ್ದು.

ಜೋಡಿಸುವ ಕೆಲಸ

ರೇಡಿಯೋ ಕೂರುವ ಕಿಂಡಿಯ ಅಳತೆ ಜಗತ್ತಿನಾದ್ಯಂತ ಬಹುಮಟ್ಟಿಗೆ ಒಂದೇ. ಅಗಲ ಸುಮಾರು 180, ಎತ್ತರ 50 ಮಿಲಿಮೀಟರ್. ಜರ್ಮನಿಯ ಪ್ರಮಾಣ ಸಂಸ್ಥೆಯ ಹೆಸರಿನಿಂದ ಇದನ್ನು ‘ಸಿಂಗಲ್ ಡಿನ್’ ಎನ್ನುತ್ತಾರೆ. ಎತ್ತರ 100 ಮಿಲಿಮೀಟರ್ ಇದ್ದರೆ ‘ಡಬಲ್ ಡಿನ್’. ಪರದೆಯುಳ್ಳ ಸೆಟ್ಟುಗಳು ಸಾಮಾನ್ಯವಾಗಿ ಎರಡನೆಯ ಬಗೆಯವು. ತನ್ನ ವಾಹನದಲ್ಲಿ ಯಾವ ಕಿಂಡಿ ಇದೆ ಎಂದು ಅಳೆದು ನೋಡಿಯೇ ಅಂಗಡಿಗೆ ಹೋಗಬೇಕು. ಡ್ಯಾಶ್‌ಬೋರ್ಡನ್ನು ಗರಗಸದಿಂದ ಕೊಯ್ದು ದೊಡ್ಡ ಸೆಟ್ಟು ತುರುಕುವವರಿದ್ದಾರೆ. ಅದರ ಹಿಂದೆ ಹೀಟರಿನ ನಳಿಕೆ, ಏರ್‌ಬ್ಯಾಗಿನ ತಂತಿ ಇರಬಹುದು.

ಕೆಲಸ ಆರಂಭಿಸುವ ಮೊದಲು ಬ್ಯಾಟರಿಯ ನೆಗೆಟಿವ್ ಟರ್ಮಿನಲನ್ನು ಮೊದಲು ಬಿಚ್ಚಬೇಕು, ಮುಗಿದ ಮೇಲೆ ಅದನ್ನೇ ಕೊನೆಗೆ ಹಾಕಬೇಕು. ಮೊದಲು ಪಾಸಿಟಿವ್ ಬಿಚ್ಚುವಾಗ ಸ್ಪ್ಯಾನರ್ ಬಾಡಿಗೆ ತಗುಲಿದರೆ ಕಿಡಿ ಹಾರಿ ಬ್ಯಾಟರಿಯ ಅನಿಲಕ್ಕೆ ಬೆಂಕಿ ತಾಗುವ ಭಯವಿದೆ. ಏರ್‌ಬ್ಯಾಗ್ ಉಳ್ಳ ವಾಹನದಲ್ಲಿ ಹಳದಿ ಬಣ್ಣದ ಕನೆಕ್ಟರುಗಳನ್ನು ಮುಟ್ಟಲೇ ಕೂಡದು.

ಬಿಡಿಯಾಗಿ ಕೊಳ್ಳುವ ರೇಡಿಯೋಗಳ ತಂತಿಯ ಬಣ್ಣಗಳಿಗೆ ಒಂದು ರೂಢಿ ಇದೆ. ಕಪ್ಪು ಅರ್ಥಿಂಗ್. ಹಳದಿ ಸದಾ ವಿದ್ಯುತ್ ಇರುವ ತಂತಿ, ನೆನಪಿಗಾಗಿ. ಕೆಂಪು ತಂತಿಗೆ ಕೀ ತಿರುಗಿಸಿದಾಗ ಮಾತ್ರ ವಿದ್ಯುತ್ ಬರಬೇಕು. ಸ್ಪೀಕರುಗಳಿಗೆ ಬಿಳಿ, ಬೂದು, ಹಸಿರು, ನೇರಳೆ ಬಣ್ಣದ ಜೋಡಿಗಳು. ಪ್ರತಿ ಜೋಡಿಯಲ್ಲಿ ಕಪ್ಪು ಗೆರೆಯಿರುವುದು ನೆಗೆಟಿವ್. ಆತುರದ ಕೆಲಸಗಾರರು ಹಳದಿ ಮತ್ತು ಕೆಂಪನ್ನು ಸೇರಿಸಿ ಸದಾ ವಿದ್ಯುತ್ ಇರುವ ಕಡೆ ಕೊಟ್ಟುಬಿಡುತ್ತಾರೆ. ಕೀ ತೆಗೆದರೂ ರೇಡಿಯೋ ಎಚ್ಚರವಾಗಿಯೇ ಇರುತ್ತದೆ. ಎರಡನ್ನೂ ಕೀಗೆ ಕೊಟ್ಟರೆ ಪ್ರತಿ ಸಲ ಗಡಿಯಾರ, ಸ್ಟೇಷನ್ ಎಲ್ಲವೂ ಮರೆತುಹೋಗುತ್ತವೆ. ಕೀ ಆಫ್ ಮಾಡಿ ಮೀಟರ್ ಹಿಡಿದಾಗ ಹಳದಿಯಲ್ಲಿ 12 ವೋಲ್ಟ್, ಕೆಂಪಿನಲ್ಲಿ ಸೊನ್ನೆ ತೋರಿಸಿದರೆ ಕೆಲಸ ಸರಿಯಾಗಿದೆ. ಹಣ ಕೊಡುವ ಮುಂಚೆ ಈ ಪರೀಕ್ಷೆಯನ್ನು ಎದುರಿಗೇ ಮಾಡಿಸುವುದು ಉಚಿತ. ಕಂಪನಿಯ ಮೂಲ ತಂತಿಗಳನ್ನು ಕತ್ತರಿಸದೆ, ಆಯಾ ವಾಹನಕ್ಕೆ ದೊರೆಯುವ ಜೋಡಣೆ ಕಪ್ಲರನ್ನೇ ಬಳಸುವಂತೆ ಕೇಳಬೇಕು. ಕತ್ತರಿಸಿದರೆ ಕಂಪನಿಯ ಗ್ಯಾರಂಟಿಗೂ ತೊಂದರೆಯಾದೀತು.

ಸ್ಪೀಕರಿನ ನೆಗೆಟಿವ್ ತಂತಿಯನ್ನು ಬಾಡಿಗೆ ಅರ್ಥ್ ಮಾಡುವುದು ಹಳೆಯ ಕಾಲದ ಪದ್ಧತಿ. ಈಗಿನ ಸೆಟ್ಟುಗಳಲ್ಲಿ ಹೀಗೆ ಮಾಡಿದರೆ ಒಳಗಿನ ಆಂಪ್ಲಿಫೈಯರ್ ಹಾಳಾಗುತ್ತದೆ. ಸ್ಪೀಕರಿನ ಯಾವ ತುದಿ ಪಾಸಿಟಿವ್ ಎಂದು ತಿಳಿಯಲು ಟಾರ್ಚಿನ ಒಂದು ಸೆಲ್ ಸಾಕು. ಸೆಲ್ಲಿನ ಪಾಸಿಟಿವ್ ಸರಿಯಾದ ತುದಿಗೆ ಕ್ಷಣಕಾಲ ತಗುಲಿದಾಗ ಸ್ಪೀಕರಿನ ಕಾಗದ ಹೊರಕ್ಕೆ ಚಲಿಸುತ್ತದೆ. ಒಂದು ಸ್ಪೀಕರ್ ತಿರುಗುಮುರುಗಾದರೆ ಧ್ವನಿ ತೆಳುವಾಗಿ, ಪೊಳ್ಳಾಗಿ ಕೇಳಿಸುತ್ತದೆ.

ಫೋನಿನ ಸ್ಥಾನ

ಫೋನನ್ನು ಇಡುವ ಹಿಡಿಕೆಗೆ ನೂರಾರು ರೂಪಾಯಿ ಖರ್ಚು ಮಾಡುವವರು ಅದನ್ನು ಎಲ್ಲಿ ಅಂಟಿಸಬೇಕೆಂದು ಯೋಚಿಸುವುದಿಲ್ಲ. ಗಾಜಿನ ಮಧ್ಯದಲ್ಲಿ ಅಂಟಿಸಿದರೆ ಎಡಗಡೆಯಿಂದ ನುಗ್ಗುವ ಮೋಟಾರ್ ಸೈಕಲ್ ಅದರ ಮರೆಯಲ್ಲಿ ಕಾಣದೆ ಹೋಗುತ್ತದೆ. ಡ್ಯಾಶ್‌ಬೋರ್ಡಿನ ಮೇಲಂಚಿನಲ್ಲಿ, ಸ್ಟೀರಿಂಗಿನ ಸ್ವಲ್ಪ ಎಡಕ್ಕೆ, ಗಾಜಿನ ಕೆಳಗಂಚಿಗಿಂತ ಮೇಲೇಳದಂತೆ ಇರುವುದು ಸರಿಯಾದ ಜಾಗ. ಏರ್‌ಬ್ಯಾಗಿನ ಮುಚ್ಚಳದ ಮೇಲೆ ಏನನ್ನೂ ಅಂಟಿಸಕೂಡದು. ಅಪಘಾತದ ಹೊತ್ತಿನಲ್ಲಿ ಅದು ಸಿಡಿದಾಗ ಫೋನು ಮುಖಕ್ಕೆ ಕಲ್ಲಿನಂತೆ ಬಡಿಯುತ್ತದೆ.

ಬಿಸಿಲು ಇನ್ನೊಂದು ಶತ್ರು. ಬೇಸಗೆಯ ಮಧ್ಯಾಹ್ನ ಬಯಲುಸೀಮೆಯಲ್ಲಿ ಗಾಜು ಮುಚ್ಚಿ ನಿಲ್ಲಿಸಿದ ವಾಹನದ ಡ್ಯಾಶ್‌ಬೋರ್ಡ್ ಕೈಯಿಡಲಾಗದಷ್ಟು ಕಾಯುತ್ತದೆ. ಫೋನಿನ ಬ್ಯಾಟರಿ ಇಂತಹ ಶಾಖದಲ್ಲಿ ಬಹುಬೇಗ ಕೆಡುತ್ತದೆ, ಉಬ್ಬಿಕೊಳ್ಳಲೂಬಹುದು. ವಾಹನ ನಿಲ್ಲಿಸಿದಾಗ ಫೋನನ್ನು ಜೇಬಿಗೆ ಹಾಕಿಕೊಂಡೇ ಇಳಿಯಬೇಕು.

ರೇಡಿಯೋ ಸೆಟ್ಟಿನ ಬ್ಲೂಟೂತ್ ಮೈಕು ಸಾಮಾನ್ಯವಾಗಿ ಪೆಟ್ಟಿಗೆಯ ಮುಖದಲ್ಲಿಯೇ ಇರುತ್ತದೆ. ಡೀಸೆಲ್ ಎಂಜಿನ್ ಸೀಟಿನ ಕೆಳಗೇ ಇರುವ, ಕಿಟಕಿ ತೆರೆದೇ ಓಡಿಸುವ ವಾಹನದಲ್ಲಿ ಇದು ಉಪಯೋಗಕ್ಕೆ ಬಾರದು. ಹೊರಗಿನ ಮೈಕು ಜೋಡಿಸಲು ಅವಕಾಶವಿರುವ ಸೆಟ್ಟು ಕೊಂಡು, ಮೈಕನ್ನು ಚಾಲಕನ ಬಲಗಡೆಯ ಕಂಬದ ಮೇಲೆ, ಬಾಯಿಯ ಕಡೆಗೆ ಮುಖ ಮಾಡಿ ಕೂರಿಸಬೇಕು. ಕಿವಿಗೆ ಇಯರ್‌ಫೋನ್ ತುರುಕಿಕೊಂಡು ಓಡಿಸುವುದು ಮಾತ್ರ ಬೇಡ. ಹಿಂದಿನ ಹಾರನ್ನೂ ಕೇಳದು, ಟೈರಿನ ಗಾಳಿ ಹೋಗುವ ಸದ್ದೂ ಕೇಳದು.

ಕೈ ಬಿಡುವಾಗಿದ್ದರೆ ಮನಸ್ಸೂ ಬಿಡುವಾಗಿರುತ್ತದೆ ಎಂದೇನೂ ಇಲ್ಲ. ಕೈಯಲ್ಲಿ ಹಿಡಿಯದೆ ಮಾತನಾಡಿದರೂ ಗಮನ ಮಾತಿನ ಕಡೆಗೇ ಹೋಗುತ್ತದೆಂಬುದನ್ನು ಅನೇಕ ದೇಶಗಳ ಪ್ರಯೋಗಗಳು ತೋರಿಸಿವೆ. ಮಂಡಿಯವರೊಂದಿಗೆ ನಡೆಸುವ ದರದ ಮಾತಂತೂ ಸಾಧಾರಣ ಮಾತಲ್ಲ. ಕ್ರೇಟಿಗೆ ಹತ್ತು ರೂಪಾಯಿ ಕಡಿಮೆ ಎಂದೊಡನೆ ಚಿಂತಾಮಣಿಗೋ ಕೋಲಾರಕ್ಕೋ ಎಂಬ ಯೋಚನೆ ಹತ್ತುತ್ತದೆ. ಆ ಗಳಿಗೆಯಲ್ಲಿ ತಿರುವು ಎದುರಾದರೆ ನಷ್ಟವಾಗುವುದು ಹತ್ತು ರೂಪಾಯಿಯಲ್ಲ. ಹೊರಡುವ ಮುಂಚೆಯೇ ಧಾರಣೆ ವಿಚಾರಿಸಿ ಮಾರುಕಟ್ಟೆಯನ್ನು ನಿರ್ಧರಿಸುವುದು, ದಾರಿಯಲ್ಲಿ ಅವಶ್ಯವಿದ್ದರೆ ವಾಹನವನ್ನು ಪಕ್ಕಕ್ಕೆ ನಿಲ್ಲಿಸಿ ಮಾತನಾಡುವುದು, ಜೊತೆಯಲ್ಲಿ ಮತ್ತೊಬ್ಬರಿದ್ದರೆ ಫೋನನ್ನು ಅವರಿಗೇ ಒಪ್ಪಿಸುವುದು ವಾಡಿಕೆಯಾಗಬೇಕು. ಕಿಸಾನ್ ಕಾಲ್ ಸೆಂಟರಿನ ಉಚಿತ ಸಂಖ್ಯೆ 1800-180-1551ಕ್ಕೆ ಕರೆ ಮಾಡಿ ಕನ್ನಡದಲ್ಲಿಯೇ ಸಲಹೆ ಪಡೆಯಬಹುದು. ಆದರೆ ಎಲೆಚುಕ್ಕೆ ರೋಗದ ಔಷಧಿಯ ಪ್ರಮಾಣವನ್ನು ಸ್ಟೀರಿಂಗ್ ಹಿಡಿದು ಕೇಳಿಸಿಕೊಂಡವರಿಗೆ ಮನೆ ತಲಪುವ ವೇಳೆಗೆ ಅದು ನೆನಪಿರುವುದಿಲ್ಲ.

ದಾರಿ ತೋರುವ ಸಾಧನ

ಹೋಗಬೇಕಾದ ಸ್ಥಳವನ್ನು ಎಂಜಿನ್ ಚಾಲೂ ಮಾಡುವ ಮುಂಚೆಯೇ ತುಂಬಿ, ಕನ್ನಡ ಧ್ವನಿಯನ್ನು ಆರಿಸಿಕೊಂಡು, ಪರದೆಯ ಬದಲು ಕಿವಿಯನ್ನೇ ನಂಬಿ ಓಡಿಸುವುದು ಸರಿಯಾದ ವಿಧಾನ. ಧ್ವನಿಯು ಬ್ಲೂಟೂತ್ ಮೂಲಕ ವಾಹನದ ಸ್ಪೀಕರಿನಲ್ಲಿ ಬಂದರೆ ಎಂಜಿನ್ ಸದ್ದಿನಲ್ಲಿಯೂ ಸ್ಪಷ್ಟವಾಗಿ ಕೇಳುತ್ತದೆ. ಆಂಡ್ರಾಯ್ಡ್ ಆಟೋ, ಕಾರ್‌ಪ್ಲೇ ಎಂಬ ವ್ಯವಸ್ಥೆಗಳಿರುವ ಸೆಟ್ಟುಗಳಲ್ಲಿ ಫೋನಿನ ನಕ್ಷೆ ರೇಡಿಯೋದ ದೊಡ್ಡ ಪರದೆಯ ಮೇಲೇ ಮೂಡುತ್ತದೆ. ರೇಡಿಯೋ, ಕರೆ, ದಾರಿ ಮೂರಕ್ಕೂ ಒಂದೇ ಜಾಗ. ಅನುಕೂಲವೇನೋ ಹೌದು. ಆದರೆ ಬೆಲೆ ಹೆಚ್ಚು. ದಿನವೂ ಗೊತ್ತಿರುವ ಒಂದೇ ಮಾರುಕಟ್ಟೆಗೆ ಹೋಗಿಬರುವವರಿಗೆ ಈ ಖರ್ಚು ಹುಟ್ಟುವುದಿಲ್ಲ. ಸಾಧಾರಣ ಬ್ಲೂಟೂತ್ ಸೆಟ್ಟು ಮತ್ತು ಗಟ್ಟಿಯಾದ ಒಂದು ಹಿಡಿಕೆ ಬಹುಪಾಲು ರೈತರಿಗೆ ಸಾಕು.

ನಕ್ಷೆಗೆ ದಾರಿ ಗೊತ್ತು, ಲೋಡು ಗೊತ್ತಿಲ್ಲ. ಎರಡು ಕಿಲೋಮೀಟರ್ ಉಳಿಯುತ್ತದೆಂದು ಅದು ಕೆರೆಯ ಏರಿಯ ಮೇಲೋ ಮಣ್ಣಿನ ಗಾಡಿದಾರಿಗೋ ವಾಹನವನ್ನು ತಿರುಗಿಸಬಹುದು. ಎತ್ತರವಾಗಿ ಕ್ರೇಟು ಪೇರಿಸಿದ ವಾಹನ ಅಲ್ಲಿ ವಾಲಿದರೆ ಕೆಳಗಿನ ಸಾಲಿನ ಹಣ್ಣು ಜಜ್ಜಿಹೋಗುತ್ತದೆ. ರೈಲ್ವೆ ಕೆಳಸೇತುವೆಯ ಎತ್ತರವನ್ನೂ ಸಾಮಾನ್ಯ ನಕ್ಷೆಗಳು ಲೆಕ್ಕಿಸುವುದಿಲ್ಲ. ಗೂಡು ಸಾಗಿಸುವಾಗ ತಡವಾದರೆ ಬೇರೆ ಬಗೆಯ ನಷ್ಟ. ಚೀಲದಲ್ಲಿ ಒತ್ತಾಗಿ ತುಂಬಿದ ಗೂಡು ಬಿಸಿಲೇರಿದಂತೆ ಒಳಗೇ ಬೆವರುತ್ತದೆ, ಒಳಗಿನ ಹುಳು ಸತ್ತು ಗೂಡಿಗೆ ಕಲೆ ಬೀಳುತ್ತದೆ. ಆದುದರಿಂದ ಹೊಸ ಮಾರುಕಟ್ಟೆಗೆ ಮೊದಲ ಸಲ ಹೋಗುವಾಗ ಹಿಂದಿನ ದಿನವೇ ನಕ್ಷೆಯಲ್ಲಿ ದಾರಿಯನ್ನು ಪೂರ್ತಿ ನೋಡಿಕೊಂಡು, ಆ ಕಡೆಯ ಒಬ್ಬ ಚಾಲಕನನ್ನು ವಿಚಾರಿಸುವುದು ಒಳಿತು.

ಗಾಜಿಗೆ ಲೋಹದ ಲೇಪವಿರುವ ಕಪ್ಪು ಕಾಗದ ಅಂಟಿಸಿದ್ದರೆ ಉಪಗ್ರಹದ ಕ್ಷೀಣ ಸಂಕೇತ ಒಳಗೆ ಬಾರದು. ಪರದೆಯ ಸೆಟ್ಟಿನೊಂದಿಗೆ ಬರುವ ಪುಟ್ಟ ಚೌಕಾಕಾರದ ಆಂಟೆನಾವನ್ನು ಚಪ್ಪಟೆ ಮುಖ ಆಕಾಶಕ್ಕೆ ಇರುವಂತೆ ಗಾಜಿನ ಕೆಳಗೆ ಇಡಬೇಕು. ತಗಡಿನ ಅಡಿಯಲ್ಲಿ ಅಡಗಿಸಿದರೆ ಪ್ರಯೋಜನವಿಲ್ಲ.

ಗೊರಗೊರ ಸದ್ದಿನ ಕಾರಣಗಳು

ಎಲ್ಲವನ್ನೂ ಜೋಡಿಸಿದ ಮೇಲೆ ಬರುವ ಸಾಮಾನ್ಯ ದೂರು ಸದ್ದಿನದು. ಎಂಜಿನ್ ವೇಗ ಏರಿದಂತೆ ಏರುವ ಕುಂಯ್ ಎಂಬ ಸದ್ದಾದರೆ ಅದು ಆಲ್ಟರ್ನೇಟರಿನಿಂದ ಬಂದದ್ದು. ಬಹುತೇಕ ಅರ್ಥಿಂಗ್ ಸಡಿಲವಾಗಿರುತ್ತದೆ. ಬಣ್ಣ ಕೆರೆದು, ಬರಿಯ ತಗಡಿಗೆ ನಟ್ಟು ಬಿಗಿದು ಅರ್ಥ್ ಕೊಟ್ಟರೆ ನಿಲ್ಲುತ್ತದೆ. ಪೆಟ್ರೋಲ್ ಅಥವಾ ಗ್ಯಾಸಿನ ವಾಹನದಲ್ಲಿ ಟಕಟಕ ಎಂಬ ಸದ್ದು ಸ್ಪಾರ್ಕ್ ಪ್ಲಗ್ಗಿನದು. ಡೀಸೆಲ್ಲಿನಲ್ಲಿ ಪ್ಲಗ್ಗಿಲ್ಲದ ಕಾರಣ ಈ ತೊಂದರೆ ಇಲ್ಲ. ಇವೆರಡೂ ಅಲ್ಲದೆ ಎಫ್.ಎಂ. ಸ್ಟೇಷನ್ನುಗಳೇ ಮಾಯವಾದರೆ ಫೋನಿನ ಚಾರ್ಜರನ್ನು ಕಿತ್ತು ನೋಡಬೇಕು. ಅಗ್ಗದ ಚಾರ್ಜರುಗಳು ರೇಡಿಯೋ ಅಲೆಗಳನ್ನು ಹೊಮ್ಮಿಸುತ್ತವೆ. ಕೆಲವು ದಾರಿ ತೋರುವ ಸಾಧನವನ್ನೂ ಕೆಡಿಸುತ್ತವೆ. ಕಿತ್ತೊಡನೆ ಹಾಡು ಸ್ಪಷ್ಟವಾದರೆ ತಪ್ಪು ಚಾರ್ಜರಿನದೇ, ರೇಡಿಯೋ ಅಂಗಡಿಯವನೊಡನೆ ಜಗಳ ಬೇಡ.

ಟ್ರ್ಯಾಕ್ಟರಿಗೆ ಬೇಕೇ?

ಕ್ಯಾಬಿನ್ ಇಲ್ಲದ ಟ್ರ್ಯಾಕ್ಟರಿನಲ್ಲಿ ಚಾಲಕನ ಕಿವಿಯ ಬಳಿ ಸದ್ದು 90 ಡೆಸಿಬೆಲ್ ಸಮೀಪ ಇರುತ್ತದೆ. ದಿನಕ್ಕೆ 8 ಗಂಟೆ 85 ಡೆಸಿಬೆಲ್ ಮೀರಿದ ಸದ್ದು ಕೇಳಿದರೆ ಕಾಲಕ್ರಮದಲ್ಲಿ ಕಿವಿ ಮಂದವಾಗುತ್ತದೆ. ಈ ಸದ್ದನ್ನೂ ಮೀರಿ ಹಾಡು ಕೇಳಬೇಕೆಂದು ಮೇಲ್ಛಾವಣಿಗೆ ದೊಡ್ಡ ಸ್ಪೀಕರುಗಳನ್ನು ಕಟ್ಟುವುದು ಇದ್ದ ಕೇಡಿಗೆ ಮತ್ತೊಂದನ್ನು ಸೇರಿಸಿದಂತೆ. ರೋಟವೇಟರ್ ತಿರುಗುತ್ತಿರುವಾಗ ಹಿಂದಿನಿಂದ ಯಾರಾದರೂ ‘ನಿಲ್ಲಿಸು’ ಎಂದು ಕೂಗಿದರೆ ಕೇಳಿಸಬೇಡವೆ? ಟ್ರ್ಯಾಕ್ಟರಿಗೆ ಬೇಕಾದರೆ ಫ್ಯೂಸ್ ಸಹಿತವಾದ, ಮುಚ್ಚಳವಿರುವ ಒಂದು ಚಾರ್ಜಿಂಗ್ ಸಾಕೆಟ್ ಹಾಕಿಸಿಕೊಂಡರೆ ಸಾಕು. ಹಳೆಯ ಡೈನಮೋ ಕಾಲದ ಟ್ರ್ಯಾಕ್ಟರುಗಳಲ್ಲಿ ಕೆಲವಕ್ಕೆ ಪಾಸಿಟಿವ್ ಅರ್ಥಿಂಗ್ ಇರುವುದುಂಟು. ಪರೀಕ್ಷಿಸದೆ ಯಾವುದನ್ನೂ ಜೋಡಿಸಕೂಡದು.

ಕಾನೂನು

ಮೋಟಾರು ವಾಹನ ಕಾಯ್ದೆಯ 184ನೆಯ ಕಲಮಿಗೆ 2019ರಲ್ಲಿ ಮಾಡಿದ ತಿದ್ದುಪಡಿಯ ಪ್ರಕಾರ ಓಡಿಸುತ್ತಿರುವಾಗ ಫೋನನ್ನು ಕೈಯಲ್ಲಿ ಹಿಡಿದು ಬಳಸುವುದು ಅಪಾಯಕಾರಿ ಚಾಲನೆಯ ಅಪರಾಧಗಳಲ್ಲಿ ಸೇರಿದೆ. ಈ ಕಲಮು ಮೊದಲ ಅಪರಾಧಕ್ಕೆ 1,000ದಿಂದ 5,000 ರೂಪಾಯಿವರೆಗೆ ದಂಡ, 6 ತಿಂಗಳಿಂದ 1 ವರ್ಷದವರೆಗೆ ಸೆರೆವಾಸ ಅಥವಾ ಎರಡನ್ನೂ ವಿಧಿಸಲು ಅವಕಾಶ ಕೊಡುತ್ತದೆ. 2020ರ ಅಕ್ಟೋಬರ್ 1ರಿಂದ ಜಾರಿಗೆ ಬಂದ ಕೇಂದ್ರ ನಿಯಮದಂತೆ ಚಾಲಕನ ಗಮನ ಕೆಡದ ರೀತಿಯಲ್ಲಿ ದಾರಿ ನೋಡುವುದಕ್ಕೆ ಮಾತ್ರ ಫೋನನ್ನು ಬಳಸಬಹುದು. ಡ್ಯಾಶ್‌ಬೋರ್ಡಿನ ಪರದೆಯಲ್ಲಿ ಸಿನಿಮಾ ಹಾಕಿಕೊಂಡು ಓಡಿಸುವುದು ಈ ವಿನಾಯಿತಿಯಲ್ಲಿ ಬರುವುದಿಲ್ಲ. ಪರದೆಯ ಸೆಟ್ಟುಗಳಲ್ಲಿ ಹ್ಯಾಂಡ್ ಬ್ರೇಕ್ ಹಾಕಿದಾಗ ಮಾತ್ರ ಚಿತ್ರ ಕಾಣುವಂತೆ ಒಂದು ತಂತಿ ಇರುತ್ತದೆ. ಅದನ್ನು ನೇರ ಅರ್ಥ್ ಮಾಡಿ ಆ ತಡೆಯನ್ನು ತಪ್ಪಿಸಿಕೊಡುತ್ತೇವೆ ಎನ್ನುವ ಅಂಗಡಿಯವರಿದ್ದಾರೆ. ಮಾಲೀಕರು ಅದಕ್ಕೆ ಒಪ್ಪಕೂಡದು.

ಮುಂಗಾರಿಗೆ ಮುನ್ನ ಒಮ್ಮೆ, ದೀಪಾವಳಿಯ ಹೊತ್ತಿಗೆ ಮತ್ತೊಮ್ಮೆ ಡ್ಯಾಶ್‌ಬೋರ್ಡಿನ ಕೆಳಗಿನ ತಂತಿಗಳನ್ನು ಟಾರ್ಚ್ ಹಾಕಿ ನೋಡಬೇಕು. ಒಕ್ಕಣೆಯ ಹೊಟ್ಟು ಮತ್ತು ಧೂಳು ತುಂಬಿದ ಕಡೆ ಇಲಿಗಳು ತಂತಿ ಕಡಿಯುತ್ತವೆ. ಟೇಪು ಸಡಿಲವಾಗಿದ್ದರೆ ಬಿಚ್ಚಿ ಹೊಸದಾಗಿ ಸುತ್ತಬೇಕು, ಬ್ಯಾಟರಿಯ ಟರ್ಮಿನಲ್ಲಿಗೆ ಬಿಳಿ ಹುಡಿ ಹಿಡಿದಿದ್ದರೆ ಬಿಸಿನೀರಿನಿಂದ ತೊಳೆದು ವ್ಯಾಸಲೀನ್ ಸವರಬೇಕು. ಏಳೂವರೆ, 10 ಮತ್ತು 15 ಆಂಪಿಯರಿನ ಫ್ಯೂಸುಗಳನ್ನು ಎರಡೆರಡರಂತೆ ಒಂದು ಪುಟ್ಟ ಡಬ್ಬಿಯಲ್ಲಿ ಹಾಕಿ, ವಾಹನದ ಕಾಗದಪತ್ರಗಳ ಜೊತೆಯಲ್ಲಿಯೇ ಇಟ್ಟುಕೊಂಡಿರಬೇಕು.